ನೈರೋಬಿಯಲ್ಲಿ ಒಂದೇ ದಿನ ಬಿಡುವು ಸಿಕ್ಕರೆ: ಊರಂಚಿನ ಸಫಾರಿಗೆ ಹೋಗಿಬರುವ ಬಗೆ

ಆಫೀಸಿನ ಕೆಲಸ, ಗಿಗಿರಿಯ ವಿಶ್ವಸಂಸ್ಥೆ ಕಚೇರಿಯಲ್ಲಿ ಒಂದು ಸಭೆ, ಮಗಳ ಮನೆಗೆ ಭೇಟಿ, ಇಲ್ಲವೇ ಆಫ್ರಿಕಾದ ಇನ್ನಾವುದೋ ಊರಿಗೆ ಹೋಗುವಾಗ ನಡುವೆ ಸಿಕ್ಕ ಇಪ್ಪತ್ತು ಗಂಟೆ. ಹೀಗೆ ಕೆನ್ಯಾದ ನೈರೋಬಿಗೆ ಬಂದವರಿಗೆ ಕೊನೆಗೆ ಒಂದು ದಿನ ಖಾಲಿ ಉಳಿಯುತ್ತದೆ. ಆಗ ತಲೆಗೆ ಬರುವ ಮೊದಲ ಪ್ರಶ್ನೆ: "ಒಂದೇ ದಿನದಲ್ಲಿ ಮಸಾಯಿ ಮಾರಾ ನೋಡಿಕೊಂಡು ಬರಬಹುದಾ?"

ಬೇಡ. ರಸ್ತೆಯಲ್ಲಿ ಮಾರಾಗೆ ಹೋಗಲು ಐದಾರು ಗಂಟೆ ಬೇಕು, ಬರಲು ಮತ್ತೆ ಅಷ್ಟೇ. ಅಂಬೊಸೆಲಿ ಉದ್ಯಾನವೂ ನಾಲ್ಕು ಗಂಟೆಯ ದಾರಿ. ಹೋದ ದಿನವೇ ಮರಳುತ್ತೇನೆಂದು ಹೊರಟರೆ ಸಿಂಹಕ್ಕಿಂತ ಲಾರಿಗಳನ್ನೇ ಹೆಚ್ಚು ನೋಡಿ ಬರುತ್ತೀರಿ. ಒಂದು ದಿನಕ್ಕೆ ತಕ್ಕ ಕಾಡು ಊರಿನ ಅಂಚಿನಲ್ಲೇ ಇದೆ. ನಗರದ ಮಧ್ಯಭಾಗದಿಂದ ಸುಮಾರು 7 ಕಿಲೋಮೀಟರ್ ದಕ್ಷಿಣಕ್ಕಿರುವ ನೈರೋಬಿ ರಾಷ್ಟ್ರೀಯ ಉದ್ಯಾನ 1946ರ ಡಿಸೆಂಬರಿನಲ್ಲಿ ಶುರುವಾಯಿತು. ಅದು ಕೆನ್ಯಾದ ಮೊದಲ ರಾಷ್ಟ್ರೀಯ ಉದ್ಯಾನ. ವಿಸ್ತೀರ್ಣ 117 ಚದರ ಕಿಲೋಮೀಟರ್. ಮೂರು ಕಡೆ ಬೇಲಿ, ದಕ್ಷಿಣಕ್ಕೆ ಮಾತ್ರ ನದಿ ದಾಟಿದರೆ ಬಯಲು. ಊರ ಪಕ್ಕದಲ್ಲಿದೆ ಅಂದಮಾತ್ರಕ್ಕೆ ಇದನ್ನು ಮೃಗಾಲಯದಂಥ ಜಾಗ ಅಂದುಕೊಳ್ಳಬೇಡಿ. ಇಲ್ಲಿನ ಸಿಂಹಗಳು ತಮ್ಮ ಊಟವನ್ನು ತಾವೇ ಬೇಟೆಯಾಡಿಕೊಳ್ಳುತ್ತವೆ.

ಈ ಪ್ರವಾಸ ಚೆನ್ನಾಗಿ ಆಗುವುದಕ್ಕೆ ನನ್ನ ಪ್ರಕಾರ ಒಂದೇ ಷರತ್ತು: ಬೆಳಿಗ್ಗೆ 6 ಗಂಟೆಗೆ ಗೇಟು ತೆರೆಯುವಾಗ ನೀವು ಗೇಟಿನ ಮುಂದಿರಬೇಕು. ಉಳಿದ ತಯಾರಿಯೆಲ್ಲ ಅದಕ್ಕಾಗಿಯೇ.

1. ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಈ ಉದ್ಯಾನದ ಬಯಲಿನಲ್ಲಿ ಕಾಡಾನೆಗಳಿಲ್ಲ. ಆನೆಗೆ ಈ ಜಾಗ ಸಾಲದು. ನಾಗರಹೊಳೆಯಲ್ಲೋ ಬಂಡೀಪುರದಲ್ಲೋ ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ದಂಡೆಯಲ್ಲೋ ಆನೆ ಹಿಂಡು ನೋಡಿದವರಿಗೆ ಇದೇನೂ ದೊಡ್ಡ ನಷ್ಟವಲ್ಲ. ನಮ್ಮ ಕಾಡಿನಲ್ಲಿ ಇಲ್ಲದ್ದು ಇಲ್ಲಿ ಇದೆ: ಸಿಂಹ, ಜಿರಾಫೆ, ಜೀಬ್ರಾ, ಉಷ್ಟ್ರಪಕ್ಷಿ, ಹಿಪ್ಪೊ, ಎರಡು ಕೊಂಬಿನ ಖಡ್ಗಮೃಗ.

ಅದರಲ್ಲೂ ಖಡ್ಗಮೃಗ. ಕಪ್ಪು ಖಡ್ಗಮೃಗ ಅಳಿವಿನ ಅಂಚಿನಲ್ಲಿರುವ ಪ್ರಾಣಿ, ಅದನ್ನು ಕಾಪಾಡಿ ಬೆಳೆಸುವ ಮುಖ್ಯ ತಾಣಗಳಲ್ಲಿ ಈ ಉದ್ಯಾನವೂ ಒಂದು. ಮಾರಾದಲ್ಲಿ ಮೂರು ದಿನ ಸುತ್ತಿಯೂ ಖಡ್ಗಮೃಗ ಕಾಣದೆ ಬಂದವರು ಇಲ್ಲಿ ಅರ್ಧ ದಿನದಲ್ಲಿ ನೋಡಿದ್ದುಂಟು. ಚಿರತೆ ಇದೆ, ಆದರೆ ಕಂಡರೆ ಅದೃಷ್ಟ. ಚೀತಾದ ಆಸೆಯನ್ನು ಬಿಟ್ಟೇ ಹೋಗಿ. ಹಕ್ಕಿ ನೋಡುವವರಿಗೆ ನಾನೇನೂ ಹೇಳಬೇಕಿಲ್ಲ. ನಾನೂರಕ್ಕೂ ಹೆಚ್ಚು ಜಾತಿ ದಾಖಲಾಗಿವೆ, ನಿಮಗೆ ಒಂದು ದಿನ ಸಾಲುವುದಿಲ್ಲ.

2. ಊರು ಬಿಡುವ ಮೊದಲು

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಈಗ ವೀಸಾ ಬದಲು ಇ-ಟಿಎ, ಅಂದರೆ ಆನ್‌ಲೈನಿನಲ್ಲಿ ಪಡೆಯುವ ಪ್ರವೇಶ ಅನುಮತಿ ಬೇಕು. 2024ರ ಜನವರಿಯಿಂದ ಕೆನ್ಯಾ ಈ ಪದ್ಧತಿಗೆ ಬಂದಿದೆ. ಸರಕಾರದ ಅಧಿಕೃತ ಜಾಲತಾಣದಲ್ಲೇ ಅರ್ಜಿ ಹಾಕಿ, ಶುಲ್ಕ 30 ಡಾಲರಿನ ಆಸುಪಾಸು. ಅದೇ ರೀತಿ ಕಾಣುವ, ಅದರ ಎರಡು-ಮೂರು ಪಟ್ಟು ಕೇಳುವ ದಲ್ಲಾಳಿ ಜಾಲತಾಣಗಳು ಹುಡುಕಾಟದಲ್ಲಿ ಮೇಲೆಯೇ ಬರುತ್ತವೆ, ಎಚ್ಚರ. ಕೊನೆಯ ದಿನದವರೆಗೆ ಕಾಯದೆ ಒಂದು ವಾರ ಮೊದಲು ಮುಗಿಸಿ. ವಿಮಾನ ಬದಲಾಯಿಸುವ ನಡುವೆ ನಿಲ್ದಾಣದಿಂದ ಹೊರಬರುವವರಿಗೂ ಇದು ಬೇಕೇ ಬೇಕು.

ಇನ್ನೊಂದು ಹಳದಿ ಜ್ವರದ ಲಸಿಕೆ. ಇದನ್ನು ಕೆನ್ಯಾಕ್ಕಿಂತ ಹೆಚ್ಚಾಗಿ ಮರಳಿ ಬರುವಾಗ ನಮ್ಮ ದೇಶವೇ ಕೇಳುತ್ತದೆ. ಹಳದಿ ಜ್ವರವಿರುವ ದೇಶಗಳ ಪಟ್ಟಿಯಲ್ಲಿ ಕೆನ್ಯಾ ಇರುವುದರಿಂದ, ಲಸಿಕೆಯ ಹಳದಿ ಪುಸ್ತಕ ಇಲ್ಲದೆ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಸದಲ್ಲಿ ಇಡುವ ಅಧಿಕಾರ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ. ಚುಚ್ಚುಮದ್ದು ಹಾಕಿಸಿಕೊಂಡ ಹತ್ತು ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. ಎಲ್ಲ ಆಸ್ಪತ್ರೆಗಳಲ್ಲೂ ಹಾಕುವುದಿಲ್ಲ. ಸರಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ, ಅದೂ ಮೊದಲೇ ದಿನ ಗೊತ್ತುಮಾಡಿಕೊಂಡು. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು. ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ, ಅರವತ್ತು ದಾಟಿದವರಿಗೆ ಈ ಲಸಿಕೆ ಕೊಡುವ ಮುನ್ನ ವೈದ್ಯರ ಮಾತು ಕೇಳಲೇಬೇಕು.

ಕಾಲದ ಮಾತು. ಜುಲೈಯಿಂದ ಸೆಪ್ಟೆಂಬರ್ ಮತ್ತು ಜನವರಿ-ಫೆಬ್ರುವರಿ ಒಣಗಾಲ, ಸಫಾರಿಗೆ ಹೇಳಿ ಮಾಡಿಸಿದ್ದು. ಹುಲ್ಲು ಗಿಡ್ಡವಾಗಿ ಪ್ರಾಣಿಗಳು ಕಣ್ಣಿಗೆ ಬೀಳುತ್ತವೆ. ದಕ್ಷಿಣದ ಬಯಲಿನಲ್ಲಿ ನೀರು ಬತ್ತಿದಾಗ ಅವು ಉದ್ಯಾನದೊಳಗಿನ ಸಣ್ಣ ಅಣೆಕಟ್ಟುಗಳ ಕಡೆಗೆ ಬರುತ್ತವೆ. ಮಾರ್ಚಿನಿಂದ ಮೇವರೆಗೆ ದೊಡ್ಡ ಮಳೆ, ನವೆಂಬರ್ ಹೊತ್ತಿಗೆ ಸಣ್ಣ ಮಳೆ. ಇಲ್ಲಿನ ಬಯಲು ಎರೆಮಣ್ಣಿನದು. ಗದಗ, ಧಾರವಾಡದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಒಣಗಿದಾಗ ಬಿರುಕು, ನೆನೆದಾಗ ಚಕ್ರಕ್ಕೆ ಮೆತ್ತಿಕೊಂಡು ಬಿಡದ ಕೆಸರು. ಮಳೆಗಾಲದಲ್ಲಿ ಸಣ್ಣ ಕಾರಿನಲ್ಲಿ ಹೋಗುವ ಧೈರ್ಯ ಮಾಡಬೇಡಿ.

ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಆಫ್ರಿಕಾ ಅಂದರೆ ಸುಡುವ ಬಿಸಿಲು ಎಂದುಕೊಂಡು ತೆಳು ಅಂಗಿಯಲ್ಲಿ ಬಂದವರು ಜುಲೈ ಬೆಳಗಿನಲ್ಲಿ, ತೆರೆದ ಮೇಲ್ಛಾವಣಿಯ ವಾಹನದಲ್ಲಿ ನಿಂತು ನಡುಗುತ್ತಾರೆ. ಹತ್ತು-ಹನ್ನೆರಡು ಡಿಗ್ರಿ ಇರುವ ಹೊತ್ತು ಅದು. ಸ್ವೆಟರ್, ಕಿವಿ ಮುಚ್ಚುವ ಟೋಪಿ ಇರಲಿ. ಹತ್ತು ಗಂಟೆಗೆ ಅವನ್ನೆಲ್ಲ ಬಿಚ್ಚುತ್ತೀರಿ, ಆಗ ಬಿಸಿಲಿನ ಟೋಪಿ ಬೇಕಾಗುತ್ತದೆ.

3. ವಾಹನ ಗೊತ್ತುಮಾಡುವಾಗ ಕೇಳಬೇಕಾದ ಪ್ರಶ್ನೆಗಳು

ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಬಸ್ಸೋ ಜೀಪೋ ಹತ್ತಿ, ಅವರು ಹೇಳಿದ ಹೊತ್ತಿಗೆ ಹೋಗಿ ಹೇಳಿದ ಹೊತ್ತಿಗೆ ಬರುವುದು ನಮಗೆ ರೂಢಿ. ಇಲ್ಲಿ ಹಾಗಿಲ್ಲ. ಸ್ವಂತ ಕಾರಿನಲ್ಲೂ ಒಳಗೆ ಹೋಗಬಹುದು, ಬೆಳಿಗ್ಗೆ 6ರಿಂದ ಸಂಜೆ 6ರ ನಡುವೆ ಎಷ್ಟು ಹೊತ್ತು ಬೇಕಾದರೂ ಇರಬಹುದು. ರಸ್ತೆ ಕೂಡುವಲ್ಲೆಲ್ಲ ಸಂಖ್ಯೆ ಬರೆದ ಕಲ್ಲುಗಳಿವೆ, ನಕ್ಷೆ ಇದ್ದರೆ ದಾರಿ ತಪ್ಪುವುದು ಕಷ್ಟ. ನೈರೋಬಿಯಲ್ಲೇ ನೆಲೆಸಿದ ನಮ್ಮವರು ಭಾನುವಾರ ಮನೆಯ ಕಾರಿನಲ್ಲೇ ಹೋಗಿಬರುತ್ತಾರೆ. ಕೆನ್ಯಾದಲ್ಲೂ ನಮ್ಮಂತೆಯೇ ಎಡಬದಿಯ ಸಂಚಾರ.

ಆದರೂ ಮೊದಲ ಸಲ ಹೋಗುವವರು ಚಾಲಕ-ಗೈಡ್ ಇರುವ ಸಫಾರಿ ವಾಹನವನ್ನೇ ಹಿಡಿಯಿರಿ. ಕಾರಿನಲ್ಲಿ ಕುಳಿತವರ ಕಣ್ಣು ಹುಲ್ಲಿನ ಮಟ್ಟದಲ್ಲಿರುತ್ತದೆ. ಛಾವಣಿ ತೆರೆದ ವ್ಯಾನಿನಲ್ಲಿ ನಿಂತವರಿಗೆ ಹುಲ್ಲಿನೊಳಗೆ ಮಲಗಿದ ಸಿಂಹಿಣಿಯ ಕಿವಿ ಕಾಣುತ್ತದೆ. ಜೊತೆಗೆ ಚಾಲಕರು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿರುತ್ತಾರೆ, ಅದರ ಲಾಭ ನಿಮಗೆ. ಅವರ ಮಾತಿನಲ್ಲಿ "ಸಿಂಬಾ" ಕೇಳಿದರೆ ಸಿಂಹ, "ಕಿಫಾರು" ಕೇಳಿದರೆ ಖಡ್ಗಮೃಗ; ಕ್ಯಾಮೆರಾ ಕೈಗೆತ್ತಿಕೊಳ್ಳಿ.

ದುಡ್ಡು ಕೊಡುವ ಮೊದಲು ಲಿಖಿತವಾಗಿ, ವಾಟ್ಸಾಪಿನಲ್ಲಾದರೂ ಸರಿ, ಇವಿಷ್ಟನ್ನು ಕೇಳಿಕೊಳ್ಳಿ:

- ಹೇಳಿದ ದರದಲ್ಲಿ ಉದ್ಯಾನದ ಪ್ರವೇಶ ಶುಲ್ಕ ಸೇರಿದೆಯೇ? ಅಗ್ಗವೆನಿಸುವ ದರದಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಅದು ಸಣ್ಣ ಮೊತ್ತವೂ ಅಲ್ಲ.
- ವಾಹನ ನಮಗೊಬ್ಬರಿಗೇನಾ, ಬೇರೆಯವರ ಜೊತೆಗಾ? ಬೇರೆಯವರ ಜೊತೆಗಾದರೆ ನಾಲ್ಕು ಹೋಟೆಲುಗಳ ಮುಂದೆ ನಿಂತು ಗೇಟು ಮುಟ್ಟುವಾಗ ಏಳೂವರೆ.
- ಛಾವಣಿ ತೆರೆಯುತ್ತದೆಯೇ? ಪ್ರತಿಯೊಬ್ಬರಿಗೂ ಕಿಟಕಿ ಪಕ್ಕದ ಸೀಟು ಇದೆಯೇ?
- ಎಷ್ಟು ಗಂಟೆಯ ಲೆಕ್ಕ? ಅರ್ಧ ದಿನ ಅಂದರೆ ಕೆಲವರ ಬಾಯಲ್ಲಿ ಮೂರು ಗಂಟೆ.
- ಬೆಳಿಗ್ಗೆ 5:15ಕ್ಕೆ ಹೋಟೆಲಿನ ಬಾಗಿಲಿಗೆ ಬರುತ್ತೀರಾ?

ಕೊನೆಯ ಪ್ರಶ್ನೆಗೆ "ಅಷ್ಟು ಬೇಗ ಯಾಕೆ, ಏಳಕ್ಕೆ ಹೋದರೂ ಆಗುತ್ತದೆ" ಎಂದವರನ್ನು ಬಿಟ್ಟು ಮುಂದೆ ಹೋಗಿ.

4. ಹಿಂದಿನ ಸಂಜೆ

ಪ್ರವೇಶ ಶುಲ್ಕವನ್ನು ಗೇಟಿನಲ್ಲಿ ನಗದಾಗಿ ಕಟ್ಟುವ ಕಾಲ ಹೋಯಿತು. ಕೆನ್ಯಾ ಸರಕಾರದ ಇ-ಸಿಟಿಜನ್ ಜಾಲತಾಣದ ಮೂಲಕ, ಕಾರ್ಡಿನಿಂದ ಅಥವಾ ಎಂ-ಪೆಸಾ ಎಂಬ ಮೊಬೈಲ್ ಹಣದಿಂದ ಕಟ್ಟಬೇಕು. 2007ರಲ್ಲಿ ಶುರುವಾದ ಈ ಎಂ-ಪೆಸಾ ಅಲ್ಲಿ ಈಗ ತರಕಾರಿ ಅಂಗಡಿಯಿಂದ ಹಿಡಿದು ಎಲ್ಲ ಕಡೆ ನಡೆಯುತ್ತದೆ, ನಮ್ಮ ಯುಪಿಐಗಿಂತ ಹಳೆಯದು. ಬೆಳಿಗ್ಗೆ ಗೇಟಿನ ಮುಂದೆ ನಿಂತು, ಬಾರದ ಒಟಿಪಿಗಾಗಿ ಕಾಯುವುದಕ್ಕಿಂತ ಹಿಂದಿನ ರಾತ್ರಿ ಹೋಟೆಲಿನ ವೈಫೈನಲ್ಲೇ ಕಟ್ಟಿ, ರಸೀದಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಚಾಲಕರೇ ಕಟ್ಟುವುದಾದರೆ ರಾತ್ರಿಯೇ ಅವರಿಂದ ರಸೀದಿಯ ಚಿತ್ರ ತರಿಸಿಕೊಳ್ಳಿ.

ದರ ಎಲ್ಲರಿಗೂ ಒಂದೇ ಅಲ್ಲ: ಪೂರ್ವ ಆಫ್ರಿಕಾದ ನಾಗರಿಕರಿಗೆ ಒಂದು, ಅಲ್ಲಿ ವಾಸದ ಪರವಾನಗಿ ಇರುವವರಿಗೆ ಒಂದು, ಹೊರಗಿನವರಿಗೆ ಡಾಲರಿನಲ್ಲಿ ಇನ್ನೊಂದು. ದರ ಆಗಾಗ ಪರಿಷ್ಕರಣೆಯಾಗುತ್ತದೆ. ಹಳೆಯ ವ್ಲಾಗಿನಲ್ಲಿ ಕೇಳಿದ ಅಂಕಿಯನ್ನು ನಂಬದೆ ಕಟ್ಟುವ ದಿನ ಪುಟದಲ್ಲಿ ಕಾಣುವುದನ್ನೇ ಲೆಕ್ಕಕ್ಕೆ ಹಿಡಿಯಿರಿ. ನೈರೋಬಿಯಲ್ಲಿರುವ ಅಣ್ಣ-ಅತ್ತಿಗೆಯ ಜೊತೆ ಹೋಗುವವರಿಗೆ ಒಂದು ಮಾತು: ಅವರಿಗೆ ನಿವಾಸಿ ದರ, ನಿಮಗೆ ಪ್ರವಾಸಿ ದರ. ಅವರು ತಮ್ಮ ನಿವಾಸಿ ಗುರುತಿನ ಚೀಟಿಯನ್ನು ಮರೆಯದೆ ತರಲಿ, ನೀವು ಪಾಸ್‌ಪೋರ್ಟ್ ತನ್ನಿ.

ಇನ್ನು ಬುತ್ತಿ. ಒಳಗೆ ದಾರಿಯುದ್ದಕ್ಕೂ ತಿಂಡಿ ಸಿಗುವ ಜಾಗಗಳಿಲ್ಲ, ಕಟ್ಟಿಕೊಂಡೇ ಹೋಗಬೇಕು. ನೈರೋಬಿಯಲ್ಲಿ ಸಸ್ಯಾಹಾರಿಗಳು ಉಪವಾಸ ಬೀಳುವ ಪ್ರಶ್ನೆಯಿಲ್ಲ. ಪಾರ್ಕ್‌ಲ್ಯಾಂಡ್ಸ್, ವೆಸ್ಟ್‌ಲ್ಯಾಂಡ್ಸ್ ಕಡೆ ಭಾರತೀಯ ಮೂಲದ ಕುಟುಂಬಗಳು ತಲೆಮಾರುಗಳಿಂದ ಇವೆ, ಅಂಗಡಿ-ಹೋಟೆಲುಗಳೂ ಬೇಕಾದಷ್ಟಿವೆ. ಚಪಾತಿ, ಸಮೋಸ ಅಲ್ಲಿನವರದ್ದೇ ಊಟವಾಗಿ ಹೋಗಿವೆ. ಹಿಂದಿನ ಸಂಜೆಯೇ ಚಪಾತಿ-ಪಲ್ಯ ಕಟ್ಟಿಸಿಕೊಳ್ಳಿ.

ಕಟ್ಟಿಸಿಕೊಳ್ಳುವಾಗ ಪ್ಲಾಸ್ಟಿಕ್ ಕವರ್ ಬೇಡ. ಇದು ಉಪದೇಶ ಅಲ್ಲ, ಕಾನೂನು. ಕೆನ್ಯಾ 2017ರ ಆಗಸ್ಟ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು, ಭಾರೀ ದಂಡವಿದೆ. 2020ರ ಜೂನ್‌ನಿಂದ ರಾಷ್ಟ್ರೀಯ ಉದ್ಯಾನಗಳೊಳಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯೂ ಇಲ್ಲ. ಊರಿನಿಂದ ಹೊರಡುವಾಗಲೇ ಸ್ಟೀಲ್ ಬಾಟಲಿ, ಸ್ಟೀಲ್ ಡಬ್ಬಿ ಚೀಲದಲ್ಲಿರಲಿ. ಡ್ರೋನ್ ತರಲೇಬೇಡಿ, ಅನುಮತಿಯಿಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಇಟ್ಟುಕೊಳ್ಳುತ್ತಾರೆ.

ದುರ್ಬೀನು ತಲೆಗೊಂದಿದ್ದರೆ ಒಳ್ಳೆಯದು. ಒಂದನ್ನೇ ಹಂಚಿಕೊಂಡರೆ, ಅದು ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಸಿಂಹ ಎದ್ದುಹೋಗಿರುತ್ತದೆ.

5. ಬೆಳಿಗ್ಗೆ 6ರಿಂದ 10

ಭೂಮಧ್ಯರೇಖೆಯ ಹತ್ತಿರದ ಊರಾದ್ದರಿಂದ ವರ್ಷವಿಡೀ ಸೂರ್ಯ ಹುಟ್ಟುವುದು ಆರೂಕಾಲು-ಆರೂಮುಕ್ಕಾಲರ ನಡುವೆ. ಆರಕ್ಕೆ ಒಳಹೊಕ್ಕರೆ ಬೆಳಕು ಹರಿಯುವಾಗ ನೀವು ಬಯಲಿನಲ್ಲಿರುತ್ತೀರಿ. ರಾತ್ರಿಯಿಡೀ ಅಡ್ಡಾಡಿದ ಸಿಂಹ, ಕತ್ತೆಕಿರುಬಗಳು ಇನ್ನೂ ಮಲಗಿರುವುದಿಲ್ಲ. ಎಂಟೂವರೆಯ ನಂತರ ಬಿಸಿಲೇರಿದಂತೆ ಅವು ನೆರಳು ಹುಡುಕುತ್ತವೆ. ಆಮೇಲೆ ಹತ್ತು ಮೀಟರ್ ದೂರದಲ್ಲಿದ್ದರೂ ಕಾಣುವುದು ಕಷ್ಟ.

ಲಂಗಾಟಾ ರಸ್ತೆಯಲ್ಲಿರುವ ಮುಖ್ಯ ಗೇಟಿನಿಂದ ಒಳಗೆ ಹೋದರೆ ಮೊದಲು ಸಿಗುವುದು ಎತ್ತರದ ಒಣಕಾಡು. ಇಲ್ಲಿ ಹೊತ್ತು ಕಳೆಯಬೇಡಿ, ವಾಪಸು ಬರುವಾಗ ನೋಡಿದರಾಯಿತು. ಗೇಟಿನಿಂದ ದೂರವಿಲ್ಲದ ನಾಗೊಲೊಮನ್ ಅಣೆಕಟ್ಟಿನ ಬಳಿ ಹತ್ತು ನಿಮಿಷ ನಿಲ್ಲಿ, ನೀರುಹಕ್ಕಿಗಳು ಖಚಿತ, ಮೊಸಳೆಯೂ ಇರಬಹುದು. ಅಲ್ಲಿಂದ ನೇರ ಬಯಲಿಗಿಳಿದು ಪೂರ್ವದ ಆಥಿ ಎಂಬ ಅಣೆಕಟ್ಟಿನ ಕಡೆ ಸಾಗಿ. ಗೇಟಿನಲ್ಲಿರುವ ಸಿಬ್ಬಂದಿಯನ್ನು ನಿನ್ನೆ ಸಂಜೆ ಸಿಂಹ ಎಲ್ಲಿತ್ತು ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಸಿಂಹವನ್ನು ಹುಡುಕುವ ಕೆಲಸವನ್ನು ಬೇರೆ ಪ್ರಾಣಿಗಳಿಗೆ ಬಿಡಿ. ಕೊಂಗೋನಿ ಎಂಬ ಉದ್ದ ಮುಖದ ದೊಡ್ಡ ಹುಲ್ಲೆ ಹುತ್ತದ ಮೇಲೆ ಹತ್ತಿ ಕಾವಲು ನಿಲ್ಲುತ್ತದೆ. ಐದಾರು ಕೊಂಗೋನಿಗಳು ಮೇಯುವುದನ್ನು ಬಿಟ್ಟು ಒಂದೇ ದಿಕ್ಕಿಗೆ ಕಿವಿ ನೆಟ್ಟಿದ್ದರೆ ನಿಮ್ಮ ದುರ್ಬೀನೂ ಆ ಕಡೆಗೇ ತಿರುಗಲಿ. ಜೀಬ್ರಾಗಳು ತಲೆ ತಗ್ಗಿಸಿ ಆರಾಮವಾಗಿ ಮೇಯುತ್ತಿದ್ದರೆ ಅಲ್ಲಿ ಏನೂ ಇಲ್ಲ, ಮುಂದೆ ನಡೆಯಿರಿ. ನಮ್ಮ ಕಾಡಿನಲ್ಲಿ ಹುಲಿ ಬಂದಾಗ ಜಿಂಕೆ, ಮುಸಿಯ ಕೂಗಿ ಸುಳಿವು ಕೊಡುತ್ತವಲ್ಲ, ಅಲ್ಲಿ ಕಿವಿಗೆ ಕೆಲಸ. ಇಲ್ಲಿ ಬಯಲು, ಹಾಗಾಗಿ ಕಣ್ಣಿಗೆ ಕೆಲಸ.

ಖಡ್ಗಮೃಗದಲ್ಲಿ ಎರಡು ಜಾತಿ ಇಲ್ಲಿವೆ. ಬಣ್ಣ ನೋಡಿ ಬೇರೆಮಾಡಲು ಹೋಗಬೇಡಿ, ಎರಡೂ ಬೂದು. ಕೆಸರಿನಲ್ಲಿ ಹೊರಳಿದ್ದರೆ ಎರಡೂ ಮಣ್ಣಿನ ಬಣ್ಣ. ಬಾಯಿ ನೋಡಿ. ತಲೆ ನೆಲಕ್ಕಿಟ್ಟು ಅಗಲ ಬಾಯಲ್ಲಿ ಹುಲ್ಲು ಮೇಯುವುದು ಬಿಳಿ ಖಡ್ಗಮೃಗ. ಅದು ಬಯಲಿನಲ್ಲಿ ಎರಡು-ಮೂರರ ಗುಂಪಾಗಿ ಸಿಗುತ್ತದೆ, ಸ್ವಭಾವ ಸಮಾಧಾನದ್ದು. ಪೊದೆಯ ಪಕ್ಕ ಒಂಟಿಯಾಗಿ ನಿಂತು, ಕೊಕ್ಕೆಯಂಥ ಮೇಲ್ದುಟಿಯಿಂದ ಎಲೆ ಕೀಳುವುದು ಕಪ್ಪು. ಅದು ಚಿಕ್ಕದು, ಆದರೆ ಸಿಡುಕು. ಎಂಜಿನ್ ಸದ್ದಿಗೆ ಓಡಿಹೋಗುತ್ತದೆ, ಇಲ್ಲವೇ ನಿಮ್ಮ ಕಡೆಗೇ ಓಡಿಬರುತ್ತದೆ. ದೂರದಲ್ಲೇ ನಿಂತು ಎಂಜಿನ್ ಆರಿಸಲು ಚಾಲಕರಿಗೆ ಹೇಳಿ.

ಉತ್ತರ ದಿಕ್ಕಿಗೆ ತಿರುಗಿದರೆ ನಗರದ ಗಗನಚುಂಬಿ ಕಟ್ಟಡಗಳು ಕಾಣುತ್ತವೆ. ಅವುಗಳ ಮುಂದೆ ಜಿರಾಫೆ ನಿಂತ ಚಿತ್ರ ಎಲ್ಲರಿಗೂ ಬೇಕು. ಬೆಳಗಿನ ಬಿಸಿಲು ಬಲಬದಿಯಿಂದ ಬೀಳುವ ಎಂಟರೊಳಗಿನ ಹೊತ್ತೇ ಅದಕ್ಕೆ ಸರಿ. ಆಮೇಲೆ ಬಿಸಿಗಾಳಿ ಎದ್ದು ಕಟ್ಟಡಗಳು ಅಲುಗಾಡಿದಂತೆ ಕಾಣುತ್ತವೆ. 300 ಮಿಲಿಮೀಟರ್ ಲೆನ್ಸ್ ಸಾಕು. ವಾಹನದಲ್ಲಿ ಟ್ರೈಪಾಡ್ ನಿಲ್ಲದು. ಬಟ್ಟೆ ಚೀಲದಲ್ಲಿ ಒಂದು ಕಿಲೋ ಅಕ್ಕಿ ತುಂಬಿ ಛಾವಣಿಯ ಅಂಚಿನಲ್ಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ.

ಚಿತ್ರದಲ್ಲಿ ಬೇಡವೆಂದರೂ ಬರುವ ಇನ್ನೊಂದು ಸಂಗತಿ ರೈಲು ಸೇತುವೆ. ಮೊಂಬಾಸಾದಿಂದ ಬರುವ ಹೊಸ ರೈಲುಮಾರ್ಗವನ್ನು ನೈವಾಶಾ ಕಡೆಗೆ ಬೆಳೆಸುವಾಗ ಉದ್ಯಾನದ ಮಧ್ಯೆಯೇ ಸುಮಾರು 6 ಕಿಲೋಮೀಟರ್ ಉದ್ದ ಕಂಬಗಳ ಮೇಲೆ ಹಾಯಿಸಿದರು. ಪರಿಸರವಾದಿಗಳ ದೊಡ್ಡ ವಿರೋಧದ ನಡುವೆಯೇ 2019ರಲ್ಲಿ ಅದು ಓಡಾಟಕ್ಕೆ ತೆರೆಯಿತು. ಪ್ರಾಣಿಗಳು ಕೆಳಗೆ ಓಡಾಡುತ್ತವೆ, ನಿಜ. ಆದರೂ ಈ ಉದ್ಯಾನಕ್ಕೆ ಮೂರು ದಿಕ್ಕಿನಲ್ಲಿ ಊರು, ತಲೆಯ ಮೇಲೆ ರೈಲು. ಉಳಿದಿರುವ ತೆರೆದ ಬಾಗಿಲು ದಕ್ಷಿಣದ್ದೊಂದೇ, ಅಲ್ಲೂ ಕಿಟೆಂಗೆಲಾ ಪಟ್ಟಣ ಬೆಳೆಯುತ್ತಿದೆ. ಆ ಕಡೆ ಸಿಂಹಗಳು ಮಸಾಯಿ ಪಶುಪಾಲಕರ ದನದ ಕೊಟ್ಟಿಗೆಗೆ ನುಗ್ಗುತ್ತಿದ್ದಾಗ ರಿಚರ್ಡ್ ಟುರೆರೆ ಎಂಬ ಹುಡುಗ ಹಳೆಯ ಬ್ಯಾಟರಿ, ಬಲ್ಬುಗಳಿಂದ ರಾತ್ರಿ ಮಿಣುಕುವ ದೀಪಗಳ ಸಾಲು ಮಾಡಿದ. ಯಾರೋ ಟಾರ್ಚ್ ಹಿಡಿದು ಓಡಾಡುತ್ತಿದ್ದಾರೆಂದು ಸಿಂಹಗಳು ದೂರ ಉಳಿದವು. 2013ರಲ್ಲಿ ಟೆಡ್ ಎಂಬ ಭಾಷಣ ವೇದಿಕೆಯಲ್ಲಿ ಅವನು ಮಾತಾಡಿದಾಗ ಇನ್ನೂ ಶಾಲಾ ಹುಡುಗ.

ವಾಹನದಿಂದ ಇಳಿಯಲು ಗೊತ್ತುಮಾಡಿದ ಕೆಲವೇ ಜಾಗಗಳಿವೆ. ಅವುಗಳಲ್ಲಿ ಹಿಪ್ಪೊ ಮಡುವಿಗೆ ತಪ್ಪದೆ ಹೋಗಿ. ಬಂದೂಕು ಹಿಡಿದ ರೇಂಜರ್ ಜೊತೆ ನದಿಯ ದಂಡೆಯಲ್ಲಿ, ಹಳದಿ ತೊಗಟೆಯ ಜಾಲಿ ಜಾತಿಯ ಮರಗಳ ನೆರಳಲ್ಲಿ ಕಾಲು ಗಂಟೆ ನಡೆಯಬಹುದು. ಹಿಪ್ಪೊ ಕಂಡೇ ಕಾಣುತ್ತದೆಂಬ ಭರವಸೆ ಇಲ್ಲ, ಎರಡು ಗಂಟೆ ಕೂತ ಸೊಂಟಕ್ಕಂತೂ ನಡಿಗೆ ಬೇಕಾಗಿರುತ್ತದೆ. ಇಲ್ಲಿ ಬುತ್ತಿ ಬಿಚ್ಚುವಾಗ ಕೋತಿಗಳ ಮೇಲೆ ಕಣ್ಣಿರಲಿ, ಕಿಟಕಿ-ಛಾವಣಿ ಮುಚ್ಚಿಯೇ ಇಳಿಯಿರಿ. ಬಬೂನ್ ನಮ್ಮ ಮಂಗದಂಥದಲ್ಲ. ಅದರ ಕೋರೆಹಲ್ಲು ಒಮ್ಮೆ ನೋಡಿದರೆ ಚಪಾತಿಯನ್ನು ನೀವೇ ಕೊಟ್ಟುಬಿಡುತ್ತೀರಿ.

ಮುಖ್ಯ ಗೇಟಿನ ಕಡೆಯ ದಾರಿಯಲ್ಲಿ ದಂತ ಸುಟ್ಟ ಜಾಗ ಸಿಗುತ್ತದೆ. 1989ರ ಜುಲೈಯಲ್ಲಿ ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ ಕಳ್ಳಬೇಟೆಗಾರರಿಂದ ವಶಪಡಿಸಿಕೊಂಡ 12 ಟನ್ ಆನೆದಂತಕ್ಕೆ ಇಲ್ಲೇ ಬೆಂಕಿ ಇಟ್ಟರು. ಅದೇ ವರ್ಷ ಅಂತರರಾಷ್ಟ್ರೀಯ ದಂತ ವ್ಯಾಪಾರಕ್ಕೆ ನಿಷೇಧ ಬಿತ್ತು. 2016ರ ಏಪ್ರಿಲ್‌ನಲ್ಲಿ ಆಗಿನ ಅಧ್ಯಕ್ಷ ಉಹುರು ಕೆನ್ಯಾಟಾ ಮತ್ತೆ 105 ಟನ್ ಸುಟ್ಟರು. ಬೂದಿಯ ಗುಡ್ಡೆ ಈಗಲೂ ಇದೆ. ಐದು ನಿಮಿಷದ ಜಾಗ, ಆದರೆ ಮಕ್ಕಳಿಗೆ ಕಥೆ ಹೇಳಿ ಇಳಿಸಿ.

6. ಹನ್ನೊಂದಕ್ಕೆ ಆನೆಮರಿ

ಉದ್ಯಾನದ ಪಶ್ಚಿಮದ ಅಂಚಿನಲ್ಲಿ ಶೆಲ್ಡ್ರಿಕ್ ಟ್ರಸ್ಟಿನ ಅನಾಥ ಆನೆಮರಿಗಳ ಆಶ್ರಯವಿದೆ. ತ್ಸಾವೊ ಪೂರ್ವ ಉದ್ಯಾನದ ವಾರ್ಡನ್ ಆಗಿದ್ದ ಡೇವಿಡ್ ಶೆಲ್ಡ್ರಿಕ್ ನೆನಪಿನಲ್ಲಿ ಅವರ ಪತ್ನಿ ಡ್ಯಾಫ್ನಿ 1977ರಲ್ಲಿ ಈ ಟ್ರಸ್ಟನ್ನು ಕಟ್ಟಿದರು. ತಾಯಿ ಸತ್ತ ಮರಿಗಳಿಗೆ ಬಾಟಲಿ ಹಾಲು ಕುಡಿಸಿ, ರಾತ್ರಿ ಲಾಯದಲ್ಲಿ ಅವುಗಳ ಪಕ್ಕದಲ್ಲೇ ಪಾಲಕರು ಮಲಗಿ ಬೆಳೆಸುತ್ತಾರೆ. ದೊಡ್ಡವಾದ ಮೇಲೆ ಅವನ್ನು ತ್ಸಾವೊ ಕಡೆಗೆ ಒಯ್ದು ನಿಧಾನವಾಗಿ ಕಾಡಿಗೆ ಬಿಡುತ್ತಾರೆ. ದುಬಾರೆಯಲ್ಲೋ ಸಕ್ರೆಬೈಲಿನಲ್ಲೋ ಪಳಗಿಸಿದ ಆನೆ ನೋಡಿದವರಿಗೆ ಇಲ್ಲಿಯ ಕ್ರಮ ಬೇರೆ ಎನಿಸುತ್ತದೆ: ಇಲ್ಲಿ ಸಾಕುವುದೇ ಕಾಡಿಗೆ ಮರಳಿಸಲು.

ಸಾರ್ವಜನಿಕರಿಗೆ ದಿನಕ್ಕೆ ಒಂದೇ ಗಂಟೆ, 11ರಿಂದ 12. ಮೊದಲೇ ಕಾದಿರಿಸದೆ ಹೋದರೆ ಒಳಗೆ ಬಿಡುವುದಿಲ್ಲ. ಜನ ಹೆಚ್ಚುವ ತಿಂಗಳುಗಳಲ್ಲಿ ಜಾಗ ಬಹಳ ಮುಂಚೆಯೇ ತುಂಬಿಹೋಗುವುದರಿಂದ ವಿಮಾನ ಟಿಕೆಟ್ ಆದ ದಿನವೇ ಇದನ್ನೂ ಮಾಡಿ. ಹೋಗುವ ದಾರಿ ಮ್ಬಗಾತಿ ಗೇಟು. ಹತ್ತೂಕಾಲಿಗೆ ನಿಮ್ಮ ವಾಹನ ಪಶ್ಚಿಮಕ್ಕೆ ಮುಖ ಮಾಡಿರಬೇಕು. ಈ ಶುಲ್ಕ ಬೇರೆ, ಉದ್ಯಾನದ ಟಿಕೆಟ್ ಬೇರೆ. ಅಲ್ಲಿ ಜಾಗ ಸಿಗದಿದ್ದರೆ ಚಿಂತೆ ಬೇಡ, ಆ ಹೊತ್ತನ್ನೂ ಬಯಲಿನಲ್ಲೇ ಕಳೆಯಿರಿ. ಬದಲಿಗೆಂದು ಮುಖ್ಯ ಗೇಟಿನ ಪಕ್ಕದ ಪ್ರಾಣಿ ಅನಾಥಾಲಯಕ್ಕೆ ಹೋಗುವವರಿದ್ದಾರೆ. ಅಲ್ಲಿ ಪ್ರಾಣಿಗಳು ಬೇಲಿಯೊಳಗೆ. ಬಯಲಿನಲ್ಲಿ ನೋಡಿಬಂದ ಮೇಲೆ ಅದು ರುಚಿಸುವುದಿಲ್ಲ.

7. ಮಧ್ಯಾಹ್ನ, ಶಕ್ತಿ ಇದ್ದರೆ

ಮಕ್ಕಳಿದ್ದರೆ ಜಿರಾಫೆ ಕೇಂದ್ರಕ್ಕೆ ಹೋಗಿ. ಅದೇ ಲಂಗಾಟಾ ಪ್ರದೇಶದಲ್ಲಿದೆ, ಸಂಜೆ ಐದರವರೆಗೆ ತೆರೆದಿರುತ್ತದೆ. ಜಿರಾಫೆಯ ಮುಖದೆತ್ತರದ ಜಗಲಿಯಲ್ಲಿ ನಿಂತು ಅಂಗೈಯಿಂದ ತಿನಿಸು ಕೊಡಬಹುದು. ಅಂಗೈಗೆ ಆ ಒರಟು ನಾಲಿಗೆ ತಗುಲಿದಾಗ ದೊಡ್ಡವರೂ ಕಿರುಚುತ್ತಾರೆ. ಇಲ್ಲಿರುವುದು ರಾತ್ಸ್‌ಚೈಲ್ಡ್ ಜಿರಾಫೆ: ಮೊಣಕಾಲಿನ ಕೆಳಗೆ ಮಚ್ಚೆಯಿಲ್ಲ, ಬಿಳಿ ಕಾಲುಚೀಲ ಹಾಕಿದ ಹಾಗೆ. ಬೆಳಿಗ್ಗೆ ಉದ್ಯಾನದಲ್ಲಿ ನೋಡಿದ್ದು ಮಸಾಯಿ ಜಿರಾಫೆ, ಅದರ ಮಚ್ಚೆಗಳ ಅಂಚು ಹರಿದ ಎಲೆಯಂತೆ. ಫೋನಿನ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಮಕ್ಕಳು ತಾವೇ ಗುರುತಿಸುತ್ತಾರೆ. ತಿನಿಸು ಮುಗಿದ ಮೇಲೆ ಜಿರಾಫೆಯ ತಲೆಯ ಪಕ್ಕ ನಿಲ್ಲಬೇಡಿ, ಅದು ಗುದ್ದುತ್ತದೆ.

ಮಕ್ಕಳಿಲ್ಲದಿದ್ದರೆ ಊಟ ಮಾಡಿ ಮಲಗಿ. ನಾಲ್ಕು ಗಂಟೆಯ ನಂತರ ನೈರೋಬಿಯ ರಸ್ತೆಗಳಲ್ಲಿ ಸಿಕ್ಕಿಕೊಂಡರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ನೆನಪಾಗುತ್ತದೆ. ಚಾಲಕರಿಗೆ ಭಕ್ಷೀಸು ಕೊಡುವುದು ಅಲ್ಲಿನ ರೂಢಿ. ದಿನ ಮುಗಿದ ಮೇಲೆ, ಅವರ ಕೈಗೇ ಕೊಡಿ.

ವಿಮಾನ ಬದಲಾಯಿಸುವ ನಡುವೆ ಹೋಗುವವರಿಗೆ

ಜೋಮೊ ಕೆನ್ಯಾಟಾ ವಿಮಾನ ನಿಲ್ದಾಣ ಉದ್ಯಾನದ ಪೂರ್ವ ಗೇಟಿಗೆ ಹತ್ತಿರ. ಹತ್ತು ಗಂಟೆಗಿಂತ ಹೆಚ್ಚು ಬಿಡುವಿದ್ದು ಅದು ಹಗಲಿನಲ್ಲಿ ಬಂದರೆ ಮಾತ್ರ ಕೈ ಹಾಕಿ. ಸಾಮಾನು ಇಡಲು ಚಾಲಕರ ವಾಹನವೇ ಗತಿ, ಆದ್ದರಿಂದ ಹಂಚಿಕೊಂಡ ವ್ಯಾನ್ ಬೇಡ. ಮುಂದಿನ ವಿಮಾನಕ್ಕೆ ನಾಲ್ಕು ಗಂಟೆ ಮೊದಲು ಉದ್ಯಾನದಿಂದ ಹೊರಬನ್ನಿ, ಸಿಂಹ ಕಣ್ಣೆದುರೇ ಇದ್ದರೂ. ಗಡಿಯಾರವನ್ನೂ ಸರಿಮಾಡಿಕೊಳ್ಳಿ: ಕೆನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ.

ಇನ್ನೂ ಒಂದು ದಿನ ಸಿಕ್ಕರೆ

ನೈವಾಶಾ ಕಡೆಗೆ ಹೋಗಿ, ಸುಮಾರು 90 ಕಿಲೋಮೀಟರ್, ಎರಡು ಗಂಟೆಯ ದಾರಿ. ಅಲ್ಲಿನ ಹೆಲ್ಸ್ ಗೇಟ್ ಉದ್ಯಾನದಲ್ಲಿ ಸೈಕಲ್ ಬಾಡಿಗೆಗೆ ಹಿಡಿದು ಜೀಬ್ರಾ, ಜಿರಾಫೆಗಳ ನಡುವೆ ತುಳಿದುಕೊಂಡು ಹೋಗಬಹುದು. ವಾಹನದ ಗಾಜಿಲ್ಲದೆ ಬಯಲಿನ ಪ್ರಾಣಿಗಳ ಎದುರು ನಿಲ್ಲುವ ಅನುಭವ ಬೇರೆಯೇ. ಬಫಲೋ ಕಂಡರೆ ಮಾತ್ರ ದೂರದಿಂದಲೇ ಸೈಕಲ್ ತಿರುಗಿಸಿ. ಒಳಗಿನ ಕಮರಿಗೆ ಮೋಡ ಕವಿದ ದಿನ ಇಳಿಯಬೇಡಿ. ಮೇಲೆಲ್ಲೋ ಸುರಿದ ಮಳೆ ಕಮರಿಯಲ್ಲಿ ದಿಢೀರ್ ಪ್ರವಾಹವಾಗಿ ಬಂದು 2019ರಲ್ಲಿ ಪ್ರವಾಸಿಗರು ಕೊಚ್ಚಿಹೋಗಿದ್ದಾರೆ.

ನಕುರು ಸರೋವರವೂ ಒಂದು ದಿನದಲ್ಲಿ ಆಗುತ್ತದೆ, ಸುಮಾರು 160 ಕಿಲೋಮೀಟರ್, ಬೆಳಿಗ್ಗೆ ಐದಕ್ಕೇ ಹೊರಡಬೇಕು. ಖಡ್ಗಮೃಗಕ್ಕೆ ಅದೂ ಒಳ್ಳೆಯ ಜಾಗ. ಆದರೆ ದಡವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ ಫ್ಲೆಮಿಂಗೊ ಚಿತ್ರಗಳನ್ನು ತೋರಿಸಿ ಏಜೆಂಟರು ಈಗಲೂ ಟಿಕೆಟ್ ಮಾರುತ್ತಾರೆ. ಕಳೆದ ಹತ್ತು-ಹದಿನೈದು ವರ್ಷಗಳಲ್ಲಿ ಸರೋವರದ ನೀರು ಏರಿ, ಹಕ್ಕಿಗಳ ದೊಡ್ಡ ಹಿಂಡುಗಳು ಬೊಗೋರಿಯಾದಂಥ ಬೇರೆ ಸರೋವರಗಳತ್ತ ಹೋಗಿವೆ. ಫ್ಲೆಮಿಂಗೊಗಾಗಿಯೇ ಹೋಗುವುದಾದರೆ ಈ ವಾರ ತೆಗೆದ ಚಿತ್ರ ಕಳಿಸಿ ಎಂದು ಕೇಳಿ, ಆಮೇಲೆ ಮುಂಗಡ ಕೊಡಿ.